ಮೈಕಿಂದ ಒಂದು ಗೇಣು ದೂರ

ನಾನು ಹಾಡೋದು ಹೆಚ್ಚಾಗಿ ದೇವರನಾಮ, ಭಾವಗೀತೆ. ಶ್ರುತಿ ಐದು, ಮೆಲ್ಲಗೆ ಹಾಡೋ ಗಂಟಲು. ಎರಡು ವರ್ಷ ಫೋನಲ್ಲೇ ರೆಕಾರ್ಡ್ ಮಾಡ್ತಿದ್ದೆ. ಅದ್ರಲ್ಲಿ ಕಷ್ಟ ಏನಂದ್ರೆ ತಾರ ಷಡ್ಜಕ್ಕೆ (ಮೇಲಿನ ಸ) ಹೋದಾಗ ಫೋನು ತಾನಾಗೇ ಲೆವೆಲ್ ತಗ್ಗಿಸಿಬಿಡುತ್ತೆ, ಉಸಿರು ತಗೊಳೋಕೆ ನಿಲ್ಲಿಸಿದ್ರೆ ಫ್ಯಾನ್ ಸದ್ದು ಮೇಲೆದ್ದು ಬರುತ್ತೆ, ಹಾಡಲ್ಲಿ ಏರಿಳಿತ ಅನ್ನೋದೇ ಉಳಿಯಲ್ಲ. ಆಮೇಲೆ ಎರಡು ಸಾವಿರಕ್ಕೆ ಸ್ಟ್ಯಾಂಡು, ಪಾಪ್ ಫಿಲ್ಟರ್ (ಬಾಯಿಂದ ಬರೋ ಗಾಳಿ ತಡೆಯೋ ಜಾಲರಿ) ಎಲ್ಲಾ ಸೇರಿ ಬರೋ ಒಂದು ಯುಎಸ್‌ಬಿ ಮೈಕ್ ತಂದೆ. ಹಾಡು ಶುರುವಾಗೋ ಮುಂಚೆನೇ ಸುಯ್ ಅಂತ ಒಂದು ಸದ್ದು ಇರೋದು. ಅದನ್ನ ಸಾಫ್ಟ್‌ವೇರಲ್ಲಿ ತೆಗೆಯೋಕೆ ಹೋದ್ರೆ ದನಿನೂ ನೀರೊಳಗಿಂದ ಬಂದಂಗೆ ಆಗ್ತಿತ್ತು.

ಕೇಳಿದೋರೆಲ್ಲ ಒಂದೇ ಮಾತು ಹೇಳಿದ್ರು, ಮನೇಲಿ ಗಲಾಟೆ ಇದ್ರೆ ಡೈನಮಿಕ್ ಮೈಕ್ (ಸುರುಳಿ, ಅಯಸ್ಕಾಂತ ಇರೋದು) ತಗೊ, ಕಂಡೆನ್ಸರ್ (ಕರೆಂಟ್ ಬೇಕಾಗೋ, ಸಣ್ಣ ಸದ್ದನ್ನೂ ಹಿಡಿಯೋ ಮೈಕು) ಬೇಡ, ಅದು ಪಕ್ಕದ್ಮನೆ ಮಿಕ್ಸಿನೂ ಹಿಡಿಯುತ್ತೆ ಅಂತ. ದುಡ್ಡು ಹಾಕೋಕೆ ಮುಂಚೆ ಗೆಳತಿ ಹತ್ರ ಇದ್ದ ಎರಡು ಮೈಕ್ ಒಂದು ವಾರಕ್ಕೆ ಈಸ್ಕೊಂಡು ಬಂದೆ. ಒಂದು ಶ್ಯೂರ್ ಎಸ್‌ಎಂ58, 1966ರಿಂದ ಬರ್ತಿರೋ ಡೈನಮಿಕ್ ಮೈಕು, ಕಚೇರಿ ಆರ್ಕೆಸ್ಟ್ರಾ ಎಲ್ಲ ಕಡೆ ನೋಡಿರ್ತೀರ. ಇನ್ನೊಂದು ಆಡಿಯೋ ಟೆಕ್ನಿಕಾ ಎಟಿ2020, ಕಂಡೆನ್ಸರ್, ಅದಕ್ಕೆ ಇಂಟರ್‌ಫೇಸಿಂದ (ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಪೆಟ್ಟಿಗೆ) 48 ವೋಲ್ಟ್ ಫ್ಯಾಂಟಮ್ ಪವರ್, ಅಂದ್ರೆ ಮೈಕ್ ಕೇಬಲ್ಲಲ್ಲೇ ಹೋಗೋ ಕರೆಂಟ್ ಬೇಕು.

ಎರಡನ್ನೂ ಪಕ್ಕಪಕ್ಕ ಒಂದೇ ದೂರದಲ್ಲಿ ಇಟ್ಟು ಒಂದೇ ಚರಣ ಹಾಡಿ, ದನಿ ಲೆವೆಲ್ ಸಮ ಮಾಡಿ ಹೆಡ್‌ಫೋನಲ್ಲಿ ಕೇಳಿದೆ. ರಸ್ತೆ ಸದ್ದು ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು! ಆಗ ಗೊತ್ತಾಗಿದ್ದು, ಡೈನಮಿಕ್ ಗಲಾಟೆ ಹಿಡಿಯಲ್ಲ ಅಂತ ಅನ್ನಿಸೋದಕ್ಕೆ ದೊಡ್ಡ ಕಾರಣ ಅದನ್ನ ತುಟಿ ಹತ್ರ ಹಿಡ್ಕೊಂಡು ಹಾಡ್ತೀವಿ ಅನ್ನೋದು. ದೂರ ಅರ್ಧ ಮಾಡಿದ್ರೆ ನಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತೆ, ರೂಮಿನ ಸದ್ದು ಇದ್ದಷ್ಟೇ ಇರುತ್ತೆ. ಲೆಕ್ಕ ಇಷ್ಟೇ.

ಹಾಗಾದ್ರೆ ಎಸ್‌ಎಂ58ನೇ ತುಟಿ ಹತ್ರ ಇಟ್ಕೊಂಡು ಹಾಡೋಣ ಅಂತ ನೋಡಿದೆ. ನಾಲ್ಕು ಬೆರಳು ದೂರ. ದನಿ ತುಂಬ್ಕೊಂಡು ಬಂತು, ಆದ್ರೆ ನಂಗೆ ಗಮಕ ಹಾಡುವಾಗ ತಲೆ ಆಡುತ್ತೆ, ಚಿಕ್ಕಂದಿನಿಂದ ತಂಬೂರಿ ಮುಂದೆ ಕೂತು ಕಲಿತ ಅಭ್ಯಾಸ ಅದು, ಬಿಡೋಕೂ ಇಷ್ಟ ಇಲ್ಲ. ಅಷ್ಟು ಹತ್ರ ಇದ್ದಾಗ ಎರಡು ಇಂಚು ಈ ಕಡೆ ಆ ಕಡೆ ಆದ್ರೂ ದನಿ ಒಂದ್ಸಲ ದಪ್ಪ ಒಂದ್ಸಲ ತೆಳು ಆಗ್ತಿತ್ತು. ಒಂದು ಗೇಣು ಹಿಂದೆ ಸರಿದ್ರೆ ಆ ತೊಂದ್ರೆ ಇಲ್ಲ, ಆದ್ರೆ ನನ್ನ ಮೆಲುದನಿಗೆ ಗೇನ್ (ಮೈಕಿಂದ ಬರೋ ದನಿ ಹಿಗ್ಗಿಸೋ ಗುಂಡಿ) ಕೊನೇವರೆಗೂ ತಿರುಗಿಸಬೇಕಾಯ್ತು, ನನ್ನ ಹಳೇ ಇಂಟರ್‌ಫೇಸಲ್ಲಿ ಅಷ್ಟು ತಿರುಗಿಸಿದ್ರೆ ಮತ್ತೆ ಅದೇ ಸುಯ್. ಕಂಪನಿಗಳು ಕೊಟ್ಟಿರೋ ಅಂಕಿ ನೋಡಿದ್ರೆ ಒಂದೇ ದನಿಗೆ ಎಟಿ2020 ಕೊಡೋದು 14.1 ಮಿಲಿವೋಲ್ಟ್, ಎಸ್‌ಎಂ58 ಕೊಡೋದು 1.85, ಏಳು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಎತ್ತರಿಸಿ ಹಾಡೋರಿಗೆ, ತಲೆ ಆಡಿಸದೇ ಮೈಕಿಗೆ ಅಂಟ್ಕೊಂಡು ಹಾಡೋರಿಗೆ 58 ಬಹಳ ಚೆನ್ನಾಗಿದೆ. ನಂಗೆ ಕಂಡೆನ್ಸರೇ ಸರಿ ಅನ್ನಿಸ್ತು.

ಸೆಕೆಂಡ್ ಹ್ಯಾಂಡಲ್ಲಿ ಎಟಿ2020 ಸಿಕ್ತು, 5,500. ಮೈಕ್ ರೇಟ್ ಒಂದೇ ನೋಡ್ಬೇಡಿ, ಸ್ಟ್ಯಾಂಡು 900, ಕೇಬಲ್ 450, ಪಾಪ್ ಫಿಲ್ಟರ್ 300 ಬೇರೆ, ಇಂಟರ್‌ಫೇಸ್ ಇಲ್ದೇ ಇದ್ದಿದ್ರೆ ಇನ್ನೊಂದು ನಾಲ್ಕೈದು ಸಾವಿರ ಆಗ್ತಿತ್ತು.

ಆದ್ರೆ ಒಂದು ಗೇಣು ದೂರ ಹಾಡ್ಬೇಕಂದ್ರೆ ರೂಮಿನ ಗುಂಯ್‌ಗುಡೋದು ಬರುತ್ತಲ್ಲ. ಮೊದ್ಲು ಮೈಕಿನ ಹಿಂದೆ ದಿಂಬು ದುಪ್ಪಟಿ ಎಲ್ಲ ಇಟ್ಟೆ, ಏನೂ ಆಗ್ಲಿಲ್ಲ. ಈ ಮೈಕು ಕಾರ್ಡಿಯಾಯ್ಡ್, ಅದರ ಬೆನ್ನ ಕಡೆಯಿಂದ ಬರೋದನ್ನ ಕಡಿಮೆ ಹಿಡಿಯುತ್ತೆ, ಅದರ ಕಿವಿ ಇರೋದು ನನ್ನ ಕಡೆಗೆ, ಅಂದ್ರೆ ನನ್ನ ಬೆನ್ನ ಹಿಂದಿನ ಗೋಡೆಯಿಂದ ವಾಪಸ್ ಬರೋ ದನಿ ಸೀದಾ ಅದಕ್ಕೇ ಹೋಗುತ್ತೆ. ಬೀರು ಬಾಗಿಲು ತೆಗೆದು ಸೀರೆ ರಾಶಿಗೆ ಬೆನ್ನು ಕೊಟ್ಟು ನಿಂತೆ, ಪಕ್ಕಕ್ಕೆ ಅಜ್ಜಿ ಹೊಲಿದ ಕೌದಿ ಹಗ್ಗದ ಮೇಲೆ ಇಳಿಬಿಟ್ಟೆ. ಹಳೇ ಕೌದಿ, ಐದಾರು ಪದರ ಬಟ್ಟೆ, ಭಾರ ಜಾಸ್ತಿ, ತೆಳ್ಳನೆ ಫೋಮ್ ಶೀಟಿಗಿಂತ ಎಷ್ಟೋ ಮೇಲು. ಆವತ್ತಿನ ರೆಕಾರ್ಡಿಂಗ್ ಕೇಳಿ ನಿಜವಾಗ್ಲೂ ಕಣ್ಣು ತುಂಬಿ ಬಂತು, ನನ್ನ ದನಿ ನಂಗೆ ಹೀಗೆ ಯಾವತ್ತೂ ಕೇಳಿಸಿರಲಿಲ್ಲ.

ಬಸ್ಸಿನ ಗುಡುಗುಡು ತೆಗೆಯೋಕೆ 100 ಹರ್ಟ್ಜ್ ಕೆಳಗಿಂದು ಕಟ್ ಮಾಡ್ತೀನಿ. ಐದರ ಶ್ರುತೀಲಿ ನನ್ನ ಮಂದ್ರ ಪಂಚಮನೇ (ಕೆಳಗಿನ ಪ) 147 ಹರ್ಟ್ಜ್ ಹತ್ರ, ಹಾಡಿಗೆ ಏನೂ ಆಗಲ್ಲ. ಲೆವೆಲ್ ಯಾವಾಗ್ಲೂ ಪಲ್ಲವಿ ಹಾಡಿ ಅಲ್ಲ, ಹಾಡಲ್ಲಿ ಅತಿ ಎತ್ತರದ ಸಾಲು ಹಾಡಿ ಸೆಟ್ ಮಾಡ್ತೀನಿ, ಮೀಟರಲ್ಲಿ ಮೈನಸ್ 8 ಡೆಸಿಬೆಲ್ ಆಸುಪಾಸು ಬಂದ್ರೆ ಸಾಕು. ಶ, ಸ ಸ್ವಲ್ಪ ಚುಚ್ಚುತ್ತಿತ್ತು, ಭ, ಫ ಬಂದಾಗ ಗಾಳಿ ಬಡಿಯೋದು. ಮೈಕನ್ನ ಬಾಯಿಗೆ ನೇರ ಇಡದೆ ಮೂಗಿನ ಎತ್ತರಕ್ಕೆ ಏರಿಸಿ ಸ್ವಲ್ಪ ಕೆಳಗೆ ಬಾಗಿಸಿದ್ಮೇಲೆ ಎರಡೂ ಹೋಯ್ತು. ಈಗ ರಾತ್ರಿ ಹತ್ತೂವರೆ ಮೇಲೆ ಫ್ಯಾನ್ ಆಫ್ ಮಾಡಿ ಹಾಡ್ತೀನಿ, ಫ್ರಿಜ್ ಸದ್ದು ನಿಲ್ಲೋವರೆಗೂ ಕಾಯ್ತೀನಿ, ತಂಬೂರಿ ಆ್ಯಪ್ ಹೆಡ್‌ಫೋನಲ್ಲೇ ಇರುತ್ತೆ.