ನೌಕರಿ ಬಿಟ್ಟು ಸ್ವತಂತ್ರ ವಿಮಾ ಏಜೆನ್ಸಿ: ರಾಜೀನಾಮೆಗೆ ಮುಂಚೆ ಮಾಡಬೇಕಾದ ಲೆಕ್ಕ

ವಿಮಾ ಏಜೆನ್ಸಿಯನ್ನು ನಡೆಸುವುದು ಹೊಸ ಪಾಲಿಸಿಯಲ್ಲ, ರಿನ್ಯೂವಲ್, ಅಂದರೆ ಹಳೆಯ ಪಾಲಿಸಿಗಳ ನವೀಕರಣ. ತಿಂಗಳ ಸಂಬಳಕ್ಕೆ ಒಗ್ಗಿಹೋದವರು ಮೊದಲ ವರ್ಷದ ಗುರಿಯನ್ನಷ್ಟೇ ನೋಡಿ ಹೊರಬರುತ್ತಾರೆ, ಎರಡನೆಯ ವರ್ಷ ಕೈ ಬರಿದಾಗುತ್ತದೆ. ಆದ್ದರಿಂದ ರಾಜೀನಾಮೆ ಪತ್ರಕ್ಕಿಂತ ಮೊದಲು ಲೆಕ್ಕದ ಹಾಳೆ.

ಮನೆ, ಕಚೇರಿ, ತೆರಿಗೆ ಎಲ್ಲ ಸೇರಿ ನಿಮ್ಮ ವರ್ಷದ ಖರ್ಚು 100 ಎಂದಿಟ್ಟುಕೊಳ್ಳಿ. ಹೊಸದಕ್ಕೂ ರಿನ್ಯೂವಲ್‌ಗೂ ಸರಾಸರಿ ಕಮಿಷನ್ ಶೇ 10 ಆದರೆ, ಖರ್ಚು ಸರಿದೂಗಲು 1,000ದಷ್ಟು ಪ್ರೀಮಿಯಂ ಚಾಲ್ತಿಯಲ್ಲಿರಬೇಕು. ವರ್ಷಕ್ಕೆ 300 ಹೊಸ ಪ್ರೀಮಿಯಂ ತರುತ್ತೀರಿ, ಹಳೆಯದರಲ್ಲಿ ಶೇ 90 ಉಳಿಯುತ್ತದೆ ಎಂದರೆ ಮೊದಲ ನಾಲ್ಕು ವರ್ಷಗಳ ಮೊತ್ತ 300, 570, 813, 1,032. ನಾಲ್ಕನೆಯ ವರ್ಷಕ್ಕೆ ದಡ ಸಿಕ್ಕಿತು. ಉಳಿಯುವುದು ಶೇ 80 ಆದರೆ ಐದನೆಯ ವರ್ಷ ಬೇಕು. ಶೇ 70ಕ್ಕೆ ಇಳಿದರೆ ಎಷ್ಟು ವರ್ಷ ದುಡಿದರೂ 1,000 ಮುಟ್ಟುವುದೇ ಇಲ್ಲ, ಏಕೆಂದರೆ ಒಳಗೆ ಬರುವಷ್ಟೇ ಹೊರಗೂ ಹೋಗತೊಡಗುತ್ತದೆ.

ಶೇ 90ರ ಲೆಕ್ಕದಲ್ಲೂ ಮೊದಲ ವರ್ಷ 70, ಎರಡನೆಯದರಲ್ಲಿ 43, ಮೂರನೆಯದರಲ್ಲಿ 19 ಕೊರತೆ. ಒಟ್ಟು 132. ಅಂದರೆ ಸುಮಾರು ಹದಿನಾರು ತಿಂಗಳ ಖರ್ಚು ಉಳಿತಾಯದಲ್ಲಿರಬೇಕು. ಪಾಲಿಸಿ ಆದ ದಿನವೇ ಕಮಿಷನ್ ಬರುವುದಿಲ್ಲವಾದ್ದರಿಂದ ಇನ್ನೆರಡು ತಿಂಗಳದ್ದನ್ನು ಸೇರಿಸಿ. ನಿಮ್ಮ ಊಹೆಯ ಹೊಸ ವ್ಯಾಪಾರವನ್ನು ಅರ್ಧಕ್ಕಿಳಿಸಿ ಇದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಆ ಹಾಳೆ ನೋಡಿಯೂ ಹೊರಡುವ ಮನಸ್ಸಿದ್ದರೆ ಮುಂದುವರಿಯಬಹುದು.

ಜೀವ ವಿಮೆಯ ಲೆಕ್ಕ ಬೇರೆ. ಅಲ್ಲಿ ಬಹುಪಾಲು ಕಮಿಷನ್ ಮೊದಲ ವರ್ಷವೇ ಬರುತ್ತದೆ, ಆಮೇಲೆ ತೆಳುವಾಗುತ್ತದೆ. ಗ್ರಾಹಕರು ಬೇಗನೆ ಕಂತು ನಿಲ್ಲಿಸಿದರೆ ಕೊಟ್ಟ ಕಮಿಷನ್ನನ್ನು ಕಂಪನಿ ವಾಪಸು ಪಡೆಯುವ ಷರತ್ತು ಅನೇಕ ಒಪ್ಪಂದಗಳಲ್ಲಿರುತ್ತದೆ. ಆ ಅವಧಿ ಮುಗಿಯುವವರೆಗೆ ಒಂದು ಪಾಲನ್ನು ಮುಟ್ಟದೆ ಇಡಿ.

ಹಳೆಯ ಉದ್ಯೋಗದ ಕಾಗದಗಳನ್ನು ನಿಧಾನವಾಗಿ ಓದಬೇಕು. ಸ್ಪರ್ಧೆ ಮಾಡುವಂತಿಲ್ಲ, ಗ್ರಾಹಕರನ್ನು ಸೆಳೆಯುವಂತಿಲ್ಲ ಎಂಬ ಷರತ್ತುಗಳು ಬೇರೆ ಬೇರೆ. ಎರಡನೆಯದು ನ್ಯಾಯಾಲಯದಲ್ಲಿ ನಿಲ್ಲುವ ಸಂಭವ ಹೆಚ್ಚು. ಆಫೀಸಿನ ಗ್ರಾಹಕರ ಪಟ್ಟಿಯನ್ನು ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವುದು ನೇರ ದಾವೆಗೆ ದಾರಿ. ಲೈಸೆನ್ಸ್ ಪರೀಕ್ಷೆಯ ತಯಾರಿಯನ್ನು ನೌಕರಿಯಲ್ಲಿದ್ದೇ ಮಾಡಬಹುದು. ಪಾಲಿಸಿ ಮಾರಲು ಮಾತ್ರ ಉದ್ಯೋಗದಾತರ ಲಿಖಿತ ಒಪ್ಪಿಗೆ ಇರಲಿ. ಏಜೆಂಟ್ ಸಾಮಾನ್ಯವಾಗಿ ಕಂಪನಿಯ ಪರ, ಬ್ರೋಕರ್ ಗ್ರಾಹಕರ ಪರ. ಹೊಣೆಯೂ ಬಂಡವಾಳದ ನಿಯಮವೂ ಬೇರೆ. ಹಲವು ಕಂಪನಿಗಳ ಪಾಲಿಸಿ ಮಾರಲು ನಿಮ್ಮ ದೇಶದ ನಿಯಮದಲ್ಲಿ ಯಾವ ಲೈಸೆನ್ಸ್ ಬೇಕೆಂದು ಮೊದಲೇ ತಿಳಿದುಕೊಳ್ಳಿ.

ನಿಜವಾದ ಅಡ್ಡಿ ಕಂಪನಿಗಳ ಕೋಡ್ (ಅವರ ಪಾಲಿಸಿ ಮಾರಲು ಏಜೆನ್ಸಿಗೆ ಕೊಡುವ ಗುರುತು ಸಂಖ್ಯೆ) ಪಡೆಯುವುದು. ಹೊಸ ಏಜೆನ್ಸಿಯ ಬಳಿ ಪ್ರೀಮಿಯಂ ಇಲ್ಲ, ಕ್ಲೇಮ್ ದಾಖಲೆ ಇಲ್ಲ; ಕಂಪನಿ ಕೇಳುವುದೇ ಅವೆರಡನ್ನು. ಯಾವ ಬಗೆಯ ಗ್ರಾಹಕರು, ವರ್ಷಕ್ಕೆ ಎಷ್ಟು, ಎಲ್ಲಿಂದ ಬರುತ್ತಾರೆ ಎಂಬುದನ್ನು ಎರಡು ಪುಟದಲ್ಲಿ ಬರೆದುಕೊಂಡು ಹೋಗಿ. 'ಎಲ್ಲ ಥರದ ವಿಮೆ' ಎನ್ನುವವರಿಗಿಂತ 'ಸಣ್ಣ ಕಾರ್ಖಾನೆಗಳು' ಎನ್ನುವವರನ್ನು ಅಂಡರ್‌ರೈಟರ್ (ಅಪಾಯ ಅಳೆದು ವಿಮೆ ಕೊಡಬೇಕೇ ಎಂದು ನಿರ್ಧರಿಸುವ ಕಂಪನಿಯವರು) ಬೇಗ ಒಪ್ಪುತ್ತಾರೆ. ಆದರೂ ಬಾಗಿಲು ತೆರೆಯದಿದ್ದರೆ, ಹಲವು ಏಜೆನ್ಸಿಗಳ ಒಕ್ಕೂಟ ಸೇರಿ ಅದರ ಕೋಡ್‌ನಲ್ಲಿ ಕೆಲಸ ಮಾಡುವ ದಾರಿ ಕೆಲವೆಡೆ ಇದೆ. ಅಲ್ಲಿ ಕಮಿಷನ್ ಪಾಲಿಗೆ ಚೌಕಾಸಿ ಮಾಡುತ್ತಾ ಕೂರುವವರು ಮುಖ್ಯವಾದದ್ದನ್ನು ಬಿಟ್ಟುಬಿಡುತ್ತಾರೆ: ರಿನ್ಯೂವಲ್‌ನ ಹಕ್ಕು ಯಾರದ್ದು? ಹೊರಬರಲು ಎಷ್ಟು ದಿನದ ನೋಟಿಸ್, ಎಷ್ಟು ಶುಲ್ಕ? ಹೊರಬಂದ ಮೇಲೆ ಚಾಲ್ತಿ ಪಾಲಿಸಿಗಳ ಕಮಿಷನ್ ಯಾರಿಗೆ? ರಿನ್ಯೂವಲ್ ನಿಮ್ಮದೆಂದು ಬರಹದಲ್ಲಿ ಇಲ್ಲದಿದ್ದರೆ, ಮೇಲಿನ ಲೆಕ್ಕದ 1,032 ಬೇರೆಯವರ ಆಸ್ತಿ. ಕಮಿಷನ್‌ನಲ್ಲಿ ಶೇಕಡಾ ಒಂದೆರಡು ಅಂಶ ಬಿಟ್ಟುಕೊಟ್ಟಾದರೂ ಈ ಹಕ್ಕನ್ನು ಪಡೆಯುವುದು ಲಾಭವೇ.

ಕಂಪನಿಗಳು ಶುರುವಿಗೆ ಮೂರು ನಾಲ್ಕು ಸಾಕು. ಹತ್ತರಲ್ಲಿ ಚೆಲ್ಲಿದರೆ ಯಾರ ಕನಿಷ್ಠ ಪ್ರೀಮಿಯಂ ಷರತ್ತೂ ತುಂಬುವುದಿಲ್ಲ, ಕೋಡ್‌ಗಳು ಒಂದೊಂದಾಗಿ ರದ್ದಾಗುತ್ತವೆ.

ಗ್ರಾಹಕರ ಪ್ರೀಮಿಯಂ ನಿಮ್ಮ ಕೈಗೆ ಬರುವುದಾದರೆ ಅದಕ್ಕೆ ಪ್ರತ್ಯೇಕ ಖಾತೆ. ಒಂದು ದಿನದ ಮಟ್ಟಿಗೂ ಬಾಡಿಗೆಗೆ ಬಳಸಬೇಡಿ. ಲೈಸೆನ್ಸ್ ಹೋಗುವ ಸುಲಭ ದಾರಿ ಅದೇ. ಸಾಧ್ಯವಿದ್ದಲ್ಲಿ ಕಂಪನಿಗೇ ನೇರ ಪಾವತಿ ಮಾಡಿಸಿ.

ನಿಮ್ಮ ತಪ್ಪಿಗೂ ವಿಮೆ ಬೇಕು. ವೃತ್ತಿ ಹೊಣೆಗಾರಿಕೆ ಪಾಲಿಸಿ ಮೊದಲ ದಿನದಿಂದಲೇ ಇರಲಿ. ಇವು ಹೆಚ್ಚಾಗಿ ದೂರು ಬಂದ ದಿನ ಚಾಲ್ತಿಯಲ್ಲಿದ್ದರೆ ಮಾತ್ರ ಕೆಲಸಕ್ಕೆ ಬರುವಂಥವು. ನಡುವೆ ಬಿಟ್ಟು ಹೊಸದನ್ನು ಕೊಂಡರೆ ಹಳೆಯ ವರ್ಷಗಳ ಕೆಲಸಕ್ಕೆ ರಕ್ಷಣೆ ತಪ್ಪಬಹುದು.

ದೂರುಗಳು ಬರುವುದು ಬಹಳ ಸಾದಾ ಜಾಗದಿಂದ. ಕಟ್ಟಡದ ಬೆಲೆ 100, ಪ್ರೀಮಿಯಂ ಉಳಿಸಲು 60ಕ್ಕೆ ವಿಮೆ. 30ರಷ್ಟು ಸುಟ್ಟಿತು. ಸರಾಸರಿ ಷರತ್ತು (ಬೆಲೆಗಿಂತ ಕಡಿಮೆಗೆ ವಿಮೆ ಮಾಡಿದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿಮೆ) ಇರುವ ಪಾಲಿಸಿಯಲ್ಲಿ ಸಿಗುವುದು 30 ಅಲ್ಲ, 18. ಉಳಿದ 12ಕ್ಕೆ ಗ್ರಾಹಕರು ನಿಮ್ಮತ್ತ ಬೆರಳು ತೋರಿಸುತ್ತಾರೆ. ಆದ್ದರಿಂದ ಪೂರ್ಣ ಮೊತ್ತದ ಕೊಟೇಶನ್ ಕೊಟ್ಟು, ಅವರು ಬೇಡವೆಂದರೆ ಅದನ್ನು ಅದೇ ದಿನ ಇಮೇಲ್‌ನಲ್ಲಿ ದಾಖಲಿಸಿ. ಪ್ರೊಪೋಸಲ್ ಫಾರ್ಮನ್ನು (ವಿಮೆಯ ಅರ್ಜಿಯನ್ನು) ಅವರ ಪರವಾಗಿ ಊಹಿಸಿ ತುಂಬಬೇಡಿ. ಮುಚ್ಚಿಟ್ಟ ಕಾಯಿಲೆ, ಮುಚ್ಚಿಟ್ಟ ಹಳೆಯ ಕ್ಲೇಮ್ ಇಂಥವು ಮುಂದೆ ಕ್ಲೇಮ್ ತಿರಸ್ಕಾರಕ್ಕೆ ಕಾರಣವಾಗುತ್ತವೆ.

ರಿನ್ಯೂವಲ್ ಕೆಲಸವನ್ನು ಮುಕ್ತಾಯಕ್ಕೆ 90 ದಿನ ಇರುವಾಗಲೇ ಆರಂಭಿಸಿ: ಆಗ ಬದಲಾದ ವಿವರ ಕೇಳುವುದು, 60ಕ್ಕೆ ಕಂಪನಿಗಳಿಂದ ದರ ತರಿಸುವುದು, 30ಕ್ಕೆ ಗ್ರಾಹಕರ ಮುಂದಿಡುವುದು. ದರ ಏರಿದ್ದರೆ ಬಿಲ್ ತಲುಪುವ ಮುಂಚೆ ಫೋನ್ ಮಾಡಿ ಕಾರಣ ಹೇಳಿ. ಏರಿಕೆಯನ್ನು ಬಿಲ್ಲಿನಲ್ಲೇ ಮೊದಲು ಕಂಡ ಗ್ರಾಹಕರು ಬೇರೆಯವರ ದರ ಕೇಳಿ ಮುಗಿಸಿದ ಮೇಲೆಯೇ ನಿಮ್ಮ ಫೋನ್ ಎತ್ತುತ್ತಾರೆ.