ಮ್ಯಾಗ್ನೆಟಿಕ್ ಫಿಲ್ಟರ್ ಹಾಕೋದು ಹೆಂಗೆ, ಹೊಳೆಗೆ ಬೀಳಿಸ್ದೆ ಇರೋದು ಹೆಂಗೆ

ಮಳೆಗಾಲದಲ್ಲಿ ಮಲೆನಾಡು ಕಡೆ ಫಾಲ್ಸ್ ಫೋಟೋ ತೆಗೆಯೋಕೆ ಹೋದವ್ರಿಗೆಲ್ಲ ಇದು ಗೊತ್ತಿರತ್ತೆ, ಕುತ್ತಿಗೆಗೂ ಹೆಗಲಿಗೂ ಮಧ್ಯ ಛತ್ರಿ ಸಿಕ್ಕಿಸ್ಕೊಂಡು, ಕಾಲಿಗೆ ಇಂಬಳ ಹತ್ತುಸ್ಕೊಂಡು, ಒದ್ದೆ ಬೆರಳಲ್ಲಿ ಲೆನ್ಸ್ ಮುಂದೆ ಹಾಕೋ ಗಾಜಿನ ಸ್ಕ್ರೂ ಫಿಲ್ಟರ್ ತಿರುಗಿಸ್ತಾ ಇರ್ತೀವಿ, ಥ್ರೆಡ್ ಕೂರಲ್ಲ, ಅಷ್ಟರಲ್ಲಿ ಮಂಜು ಬಂದು ಫಾಲ್ಸೇ ಮಾಯ. ಜೋಗದಲ್ಲಿ ನಂಗೆ ಹಿಂಗೆ ಎರಡು ಸಲ ಆಗಿದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಚೆನ್ನಾಗಿ ಕಾಣ್ತಿತ್ತು, ಫಿಲ್ಟರ್ ಕೂರಿಸಿ ತಲೆ ಎತ್ತಿದ್ರೆ ಎದುರಿಗೆ ಬರೀ ಬಿಳಿ. ಆಮೇಲೇ ಮ್ಯಾಗ್ನೆಟಿಕ್ ಸೆಟ್ ತಗೊಂಡಿದ್ದು.

ಇದ್ರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಲೆನ್ಸ್ ಮುಂದಿನ ಥ್ರೆಡ್‌ಗೆ ಒಂದು ತೆಳು ಅಡಾಪ್ಟರ್ ರಿಂಗ್ ಹಾಕ್ತೀರ, ಅದು ಅಲ್ಲೇ ಇರತ್ತೆ, ಫಿಲ್ಟರ್ ಹತ್ರ ತಂದ್ರೆ ಟಕ್ ಅಂತ ಅಂಟ್ಕೊಳತ್ತೆ. ಕೇಸ್, ಫ್ರೀವೆಲ್, ಕೆ ಅಂಡ್ ಎಫ್ ಅನ್ನೋ ಕಂಪನಿಗಳೆಲ್ಲ ಇದನ್ನ ಮಾಡ್ತಾರೆ, ಆದ್ರೆ ಒಬ್ಬರ ರಿಂಗಿಗೆ ಇನ್ನೊಬ್ಬರ ಫಿಲ್ಟರ್ ಕೂರತ್ತೆ ಅಂತ ನಂಬ್ಕೊಂಡು ದುಡ್ಡು ಕೊಡ್ಬೇಡಿ, ಅಂಚಿನ ಅಳತೆ ಬೇರೆ ಬೇರೆ ಇರತ್ತೆ.

ಸೈಜ್ ನೋಡೋದು ಹೆಂಗೆ ಅಂದ್ರೆ ಲೆನ್ಸ್ ಕ್ಯಾಪ್ ಹಿಂದುಗಡೆ ನೋಡಿ, ಸೊನ್ನೆಗೆ ಅಡ್ಡ ಗೀಟು ಎಳೆದ ಹಂಗಿರೋ ಗುರುತಿನ ಪಕ್ಕ ಇರೋ ನಂಬರ್ರೇ ನಿಮ್ಮ ಸೈಜು. ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂಗೆ 49, ನಿಕಾನ್ ಡಿಎಸ್‌ಎಲ್‌ಆರ್‌ನ 18-140ಗೆ 67, ಹಿಂಗೆ. ಇದನ್ನ ಲೆನ್ಸ್ ಹೆಸರಲ್ಲಿರೋ ಫೋಕಲ್ ಲೆಂತ್ ಜೊತೆ ಕನ್‌ಫ್ಯೂಸ್ ಮಾಡ್ಕೊಂಡು 50 ಎಂಎಂ ಫಿಲ್ಟರ್ ಕೊಡಿ ಅಂತ ಕೇಳೋರು ಬೇಜಾನ್ ಜನ. ನಿಮ್ಮ ಹತ್ರ ಇರೋ ಅತಿ ದೊಡ್ಡ ಲೆನ್ಸ್ ಸೈಜಿಗೇ ಫಿಲ್ಟರ್ ತಗೊಳಿ, ಚಿಕ್ಕ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸೋ ಸ್ಟೆಪ್ ಅಪ್ ರಿಂಗ್ ಹಾಕಿದ್ರಾಯ್ತು. ಒಂದೇ ತಾಪತ್ರಯ ಅಂದ್ರೆ 49ರ ಲೆನ್ಸ್ ಮೇಲೆ 77ರ ರಿಂಗ್ ಕೂರಿಸಿದ್ರೆ ತಟ್ಟೆ ಇಟ್ಟಂಗೆ ಕಾಣತ್ತೆ, ಲೆನ್ಸ್ ಹುಡ್ ಹಾಕೋಕೆ ಆಗಲ್ಲ.

ರಿಂಗ್ ಹಾಕೋದು ಮನೇಲೇ ಮಾಡ್ಕೊಳಿ, ಸ್ಪಾಟಲ್ಲಿ ಅಲ್ಲ. ಮೊದ್ಲು ಯುವಿ ಫಿಲ್ಟರ್ ಇದ್ರೆ ತೆಗೀರಿ. ಲೆನ್ಸ್ ಮುಖ ಮೇಲೆ ಮಾಡಿ ತೊಡೆ ಮೇಲೆ ಇಟ್ಕೊಂಡು, ರಿಂಗನ್ನ ಮೊದ್ಲು ಉಲ್ಟಾ ತಿರುಗಿಸಿ, ಒಂದು ಕಡೆ ಸಣ್ಣಗೆ ಕಟ್ ಅಂತ ಇಳಿದಂಗೆ ಆಗತ್ತೆ, ಅದೇ ಥ್ರೆಡ್ ಶುರುವಾಗೋ ಜಾಗ, ಅಲ್ಲಿಂದ ಸೀದಾ ತಿರುಗಿಸಿ. ತಡೆದ್ರೆ ಒತ್ತಾಯ ಮಾಡ್ಬೇಡಿ, ಬಿಚ್ಚಿ ಮತ್ತೆ ಶುರು ಮಾಡಿ, ಓರೆಯಾಗಿ ಹತ್ತಿದ್ರೆ ಲೆನ್ಸ್ ಥ್ರೆಡ್ಡೇ ಹೋಗತ್ತೆ. ಬೈಕ್ ನಟ್ ಟೈಟ್ ಮಾಡ್ದಂಗೆ ಮಾಡ್ಬಾರ್ದು, ಎರಡು ಬೆರಳಲ್ಲಿ ಎಷ್ಟು ಬಿಗಿ ಆಗತ್ತೋ ಅಷ್ಟು ಸಾಕು.

ಇನ್ನು ಸ್ಪಾಟಲ್ಲಿ. ಟ್ರೈಪಾಡ್ ನಿಲ್ಲಿಸಿ, ಫ್ರೇಮ್ ಮಾಡಿ, ಫೋಕಸ್ ಮಾಡಿ, ಆಮೇಲೆ ಲೆನ್ಸ್ ಮ್ಯಾನುಯಲ್‌ಗೆ ಹಾಕಿ. ಬೆಳಕು ಕಮ್ಮಿ ಮಾಡೋ ಡಾರ್ಕ್ ಎನ್‌ಡಿ ಫಿಲ್ಟರ್ ಹಾಕಿದ್ಮೇಲೆ ಫೋಕಸ್ ಹುಡುಕ್ತಾ ಕೂತ್ರೆ ಕ್ಯಾಮೆರಾ ಗರ್ ಗರ್ ಅಂತಾನೇ ಇರತ್ತೆ. ಮೊದ್ಲು ಸಿಪಿಎಲ್, ಅಂದ್ರೆ ಹೊಳಪು ತೆಗೆಯೋ ಪೋಲರೈಸರ್ ಫಿಲ್ಟರ್ ಅಂಟಿಸಿ ನಿಧಾನಕ್ಕೆ ತಿರುಗಿಸಿ ನೋಡಿ, ಒದ್ದೆ ಬಂಡೆ ಮೇಲಿನ ಬಿಳಿ ಹೊಳಪು ಹೋಗಿ ಪಾಚಿ ಹಸಿರು ಎದ್ದು ಬರೋ ಜಾಗ ಒಂದಿರತ್ತೆ, ಅಲ್ಲಿ ಬಿಡಿ. ಈ ಕೆಲಸ ಮಾತ್ರ ಆಮೇಲೆ ಲ್ಯಾಪ್‌ಟಾಪಲ್ಲಿ ಮಾಡೋಕೆ ಬರಲ್ಲ, ಅದಕ್ಕೇ ನಾನು ಯಾರೇ ಕೇಳಿದ್ರೂ ಮೊದ್ಲು ಸಿಪಿಎಲ್ ತಗೊಳಿ ಅನ್ನೋದು. ಅದ್ರ ಮೇಲೆ ಎನ್‌ಡಿ. ಅಂಟಿಸುವಾಗ್ಲೂ ಕೀಳುವಾಗ್ಲೂ ಎಡಗೈಲಿ ಸಿಪಿಎಲ್ ಅಂಚು ಹಿಡ್ಕೊಂಡಿರಿ, ಇಲ್ಲಾಂದ್ರೆ ಅದೂ ತಿರುಗತ್ತೆ, ಇಲ್ಲಾ ಎರಡೂ ಒಟ್ಟಿಗೇ ಕೈಗೆ ಬರತ್ತೆ.

ಲೆಕ್ಕ ಹಿಂಗೆ. ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆಗೋದು, ಎನ್‌ಡಿ 8 ಅಂದ್ರೆ 3 ಸ್ಟಾಪ್, 64 ಅಂದ್ರೆ 6, 1000 ಅಂದ್ರೆ 10. ಎನ್‌ಡಿ ಇಲ್ದೆ ಶಟರ್ ಸ್ಪೀಡ್ 1/15 ಸೆಕೆಂಡ್ ತೋರಿಸ್ತಿದ್ರೆ 64 ಹಾಕಿದಾಗ ಸುಮಾರು 4 ಸೆಕೆಂಡ್, 1000 ಹಾಕಿದ್ರೆ ಒಂದು ನಿಮಿಷದ ಮೇಲೆ, ಆವಾಗ ಶಟರನ್ನ ಬೇಕಾದಷ್ಟು ಹೊತ್ತು ತೆರೆದಿಡೋ ಬಲ್ಬ್ ಮೋಡಿಗೆ ಹೋಗಿ ರಿಮೋಟಲ್ಲಿ ಕ್ಲಿಕ್ ಮಾಡ್ಬೇಕು. ನಂಗೆ ಕೇಳಿದ್ರೆ ಕಾಡೊಳಗಿನ ಫಾಲ್ಸಿಗೆ 1000 ಬೇಕೇ ಇಲ್ಲ, ಅರ್ಧದಿಂದ ಒಂದು ಸೆಕೆಂಡಲ್ಲಿ ನೀರಿನ ಎಳೆ ಉಳಿಯತ್ತೆ, ಅದಕ್ಕಿಂತ ಜಾಸ್ತಿ ಎಳೆದ್ರೆ ಹತ್ತಿ ಸುರಿದಂಗೆ ಆಗತ್ತೆ, ಕೆಲವ್ರಿಗೆ ಅದೇ ಇಷ್ಟ, ಇರ್ಲಿ. ಡಿಎಸ್‌ಎಲ್‌ಆರ್ ಆದ್ರೆ ಹಿಂದುಗಡೆ ಕಣ್ಣಿಟ್ಟು ನೋಡೋ ವ್ಯೂಫೈಂಡರ್ ಮುಚ್ಚೋದು ಮರೀಬೇಡಿ, ಕರವಸ್ತ್ರ ಹಾಕಿದ್ರೂ ಆಗತ್ತೆ, ಇಲ್ಲಾಂದ್ರೆ ಅಲ್ಲಿಂದ ಬೆಳಕು ನುಗ್ಗಿ ಫೋಟೋ ಹಾಳು. 16 ಎಂಎಂ ಥರ ವೈಡಲ್ಲಿ ಎರಡು ಫಿಲ್ಟರ್ ಜೋಡಿಸಿದ್ರೆ ಮೂಲೆ ಕಪ್ಪಾಗಬಹುದು, ಜೂಮ್ ಮಾಡಿ ಚೆಕ್ ಮಾಡ್ಕೊಳಿ.

ಈಗ ಬೀಳೋ ವಿಷಯ. ಮ್ಯಾಗ್ನೆಟ್ ನೇರವಾಗಿ ಎಳೆದ್ರೆ ಗಟ್ಟಿಯಾಗಿ ಹಿಡ್ಕೊಳತ್ತೆ, ಅಂಚಿಗೆ ಪಕ್ಕದಿಂದ ಏಟು ಬಿದ್ರೆ ಸುಲಭಕ್ಕೆ ಜಾರತ್ತೆ. ಇದು ನಂಗೆ ತಿಳಿದಿದ್ದು ದುಡ್ಡು ಕಳ್ಕೊಂಡ್ಮೇಲೆ, ಟ್ರೈಪಾಡ್ ಹೆಗಲ ಮೇಲಿಟ್ಕೊಂಡು ಹೊಳೆ ದಾಟ್ತಿದ್ದೆ, ಒಂದು ಕೊಂಬೆ ಸವರ್ತು ಅಷ್ಟೆ, ಪ್ಲಕ್ ಅಂತ ಶಬ್ದ, ಸಿಪಿಎಲ್ ನೀರೊಳಗೆ. ಸೊಂಟದ ತನಕ ಇಳಿದು ಹುಡುಕಿದೆ, ಸಿಗ್ಲಿಲ್ಲ. ಅವತ್ತಿಂದ ರೂಲ್ ಒಂದೇ, ಜಾಗ ಬದಲಾಯಿಸೋ ಮುಂಚೆ ಎಲ್ಲಾ ಫಿಲ್ಟರ್ ಕಿತ್ತು ಪೌಚಿಗೆ, ಲೆನ್ಸ್ ಮೇಲೆ ರಿಂಗ್ ಮಾತ್ರ. ಮ್ಯಾಗ್ನೆಟಿಕ್ ಕ್ಯಾಪ್ ಕೂಡ ಅಷ್ಟೇ, ಬ್ಯಾಗೊಳಗೆ ತಾನೇ ಕಳಚ್ಕೊಂಡು ಬಿದ್ದಿರತ್ತೆ.

ಕಾಪು ಲೈಟ್‌ಹೌಸ್ ಥರ ಬೀಚಿಗೆ ಹೋದ್ರೆ ಮರಳಿಂದ ಹುಷಾರು. ಬೀಚ್ ಮರಳಲ್ಲಿ ಎಷ್ಟೋ ಕಡೆ ಕಬ್ಬಿಣದ ಅಂಶ ಇರೋ ಸಣ್ಣ ಕರಿ ಕಾಳು ಇರತ್ತೆ, ಫಿಲ್ಟರ್ ಒಂದ್ಸಲ ಕೆಳಗೆ ಬಿದ್ರೆ ಅದು ಅಂಚಿಗೆ ಮೀಸೆ ಥರ ಹತ್ಕೊಳತ್ತೆ. ಬಟ್ಟೇಲಿ ಒರೆಸಿದ್ರೆ ಗಾಜಿನ ಮೇಲೆ ಬಂದು ಗೀರಾಗತ್ತೆ, ಒರೆಸ್ಬೇಡಿ. ಸೆಲ್ಲೋಟೇಪ್ ತುಂಡು ಅಂಚಿಗೆ ಒತ್ತಿ ಒತ್ತಿ ಎತ್ತಿ, ಆಮೇಲೆ ಬ್ಲೋಯರ್, ಗಾಜು ಕೊನೆಗೆ. ಮನೆಗೆ ಬಂದ್ಮೇಲೆ ಉಪ್ಪು ಹೋಗೋ ಹಂಗೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೇಲಿ ಒರೆಸಿ ಒಣಗಿಸಿ.

ಹಾಂ, ಫಿಲ್ಟರ್ ಅಂಗಿ ಜೇಬಲ್ಲಿ ಇಟ್ಕೊಳೋ ಅಭ್ಯಾಸ ಇದ್ರೆ, ಪೇಸ್‌ಮೇಕರ್ ಇರೋರು ದಯವಿಟ್ಟು ಇಡ್ಬೇಡಿ, ಅಂಥವ್ರ ಎದೆ ಹತ್ರಾನೂ ತರ್ಬೇಡಿ.

ರಿಂಗ್ ಅಲ್ಲೇ ಇರತ್ತೆ ಅಂದೆ ನಿಜ, ಆದ್ರೆ ತಿಂಗಳಿಗೊಂದ್ಸಲ ಬಿಚ್ಚಿ ಒರೆಸಿ ಹಾಕಿ. ನನ್ನ 67ರ ರಿಂಗ್ ಒಂದಿಡೀ ಮಳೆಗಾಲ ಮುಟ್ಟಿರ್ಲಿಲ್ಲ, ಕಚ್ಕೊಂಡ್ಬಿಟ್ಟಿತ್ತು. ಬಿಗಿಯಾಗಿ ಅದುಮಿ ಹಿಡಿದಷ್ಟೂ ರಿಂಗ್ ಸೊಟ್ಟಗಾಗಿ ಇನ್ನೂ ಹಿಡ್ಕೊಳತ್ತೆ, ಇಕ್ಕಳ ಅಂತೂ ಹತ್ರಾನೇ ತರ್ಬೇಡಿ. ಕೊನೆಗೆ ಅಮ್ಮ ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕ್ಕೊಂಡು ಅಂಗೈ ಅಗಲ ಮಾಡಿ ಸುತ್ತಲೂ ಒಂದೇ ಸಮ ಒತ್ತಿ ತಿರುಗಿಸಿದೆ, ಉಪ್ಪಿನಕಾಯಿ ಬಾಟ್ಲಿ ಮುಚ್ಚಳದ ಥರ ಬಂತು.