ಮಳೆಗಾಲದ ಜೋಗ: ಮಂಜು ಬಿಡುವ ಮೊದಲೇ ಮುಗಿಸಿಡಬೇಕಾದ ಕೆಲಸ

ಮಳೆಗಾಲದಲ್ಲಿ ಜೋಗದ ಮುಂದೆ ನಿಂತರೆ ಹೆಚ್ಚಿನ ಹೊತ್ತು ಕಾಣುವುದು ಬರೀ ಬಿಳಿ. ಸದ್ದು ಕೇಳುತ್ತದೆ, ನೀರು ಕಾಣುವುದಿಲ್ಲ. ಮಂಜು ಬಿಟ್ಟರೂ ಒಮ್ಮೆ ಅರ್ಧ ನಿಮಿಷ, ಇನ್ನೊಮ್ಮೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ಲೆನ್ಸ್ ಬದಲಿಸುತ್ತ, ಫೋಕಸ್ ಹುಡುಕುತ್ತ ಕೂತರೆ ಚಿತ್ರ ಸಿಗುವುದಿಲ್ಲ. ಕಾಯುವ ಹೊತ್ತಿನಲ್ಲೇ ನಾನು ಎಲ್ಲ ಸೆಟ್ಟಿಂಗ್ ಮುಗಿಸಿಟ್ಟಿರುತ್ತೇನೆ. ಮಂಜು ಬಿಟ್ಟಾಗ ರಿಮೋಟ್ ಒತ್ತುವುದೊಂದೇ ಬಾಕಿ.

ಹೋಗುವ ದಿನವನ್ನು ಮಳೆಗಿಂತ ಹೆಚ್ಚಾಗಿ ಲಿಂಗನಮಕ್ಕಿಯನ್ನು ನೋಡಿ ನಿರ್ಧರಿಸಬೇಕು. ಅಣೆಕಟ್ಟು ಇರುವುದು ಜಲಪಾತಕ್ಕಿಂತ ಮೇಲೆ, ಹೊಳೆಯ ನೀರಿನ ಬಹುಪಾಲು ಅಲ್ಲೇ ನಿಲ್ಲುತ್ತದೆ. ಪೂರ್ಣ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಜಲಾಶಯದ ಮಟ್ಟ ದಿನಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಗೇಟು ತೆರೆಯುವ ಮೊದಲು ಕೆಳಗೆ ಬರುವುದು ಮುಖ್ಯವಾಗಿ ಅಣೆಕಟ್ಟಿನಿಂದ ಕೆಳಗಿನ ಕಡೆ ಬಿದ್ದ ಮಳೆಯ ನೀರು. ಆಗ ನಾಲ್ಕೂ ಧಾರೆ ಬೇರೆ ಬೇರೆಯಾಗಿ ಕಾಣುತ್ತವೆ, ನಡುವೆ ಕಪ್ಪು ಬಂಡೆ ಉಳಿದಿರುತ್ತದೆ. ಗೇಟು ತೆರೆದ ಮೇಲೆ ನೋಡಲು ಭರ್ಜರಿ, ಆದರೆ ಧಾರೆಗಳು ಒಂದಕ್ಕೊಂದು ಕೂಡಿಕೊಂಡು ಬಂಡೆಯೇ ಮುಚ್ಚಿಹೋಗುತ್ತದೆ, ಏಳುವ ಎರಚಲಿಗೆ ಕಣಿವೆಯೂ ಕಾಣದಾಗುತ್ತದೆ. ಕ್ಯಾಮೆರಾಕ್ಕೆ ನನ್ನ ಆಯ್ಕೆ ಮೊದಲನೆಯದೇ: ಎರಡು ಮೂರು ದಿನ ಜಡಿಮಳೆ ಹೊಯ್ದು ಹೊಳವಾದ ಬೆಳಿಗ್ಗೆ.

ಶಿವಮೊಗ್ಗ ಕಡೆಯ ವೀಕ್ಷಣಾ ಸ್ಥಳದಿಂದ ಎಡದಿಂದ ಬಲಕ್ಕೆ ರಾಜಾ, ರೋರರ್, ರಾಕೆಟ್, ರಾಣಿ. ರಾಜಾ 253 ಮೀಟರ್ ನೇರ ಬೀಳುತ್ತದೆ. ರೋರರ್ ಬಂಡೆಯ ಸಂದಿಯಲ್ಲಿ ಇಳಿದು ರಾಜಾಕ್ಕೆ ಕೂಡುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಬೀಳುತ್ತದೆ. ರಾಣಿ ಬಂಡೆಗೆ ಅಂಟಿಕೊಂಡೇ ಜಾರುತ್ತದೆ. ಹಾಗಾಗಿ ಒಂದೇ ಶಟರ್ ವೇಗ (ಕ್ಯಾಮೆರಾ ಬೆಳಕನ್ನು ಒಳಬಿಡುವ ಹೊತ್ತು) ನಾಲ್ಕಕ್ಕೂ ಹೊಂದುವುದಿಲ್ಲ. ರಾಣಿಗೆ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್ ಚೆನ್ನ, ಬಂಡೆಯ ಮಡಿಕೆಗಳ ಮೇಲೆ ನೀರಿನ ಎಳೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ರಾಕೆಟ್‌ಗೆ 1/125ಕ್ಕಿಂತ ನಿಧಾನವಾದರೆ ಅದರ ಚಿಮ್ಮುವ ಗುಣವೇ ಹೋಗುತ್ತದೆ. ರಾಜಾಕ್ಕೆ 1/4 ಸೆಕೆಂಡ್ ಆಸುಪಾಸು ಸಾಕು. ನಾಲ್ಕು ಸೆಕೆಂಡ್ ಬಿಟ್ಟರೆ ಮೇಲಿನಿಂದ ಕೆಳಗೆ ಸುಣ್ಣ ಬಳಿದ ಪಟ್ಟಿಯಂತಾಗುತ್ತದೆ. ಈ ನಯವಾದ ನೀರು ಈಗ ಎಲ್ಲರ ಫೋನಿನಲ್ಲೂ ಬರುತ್ತದೆ, ಅದಕ್ಕಾಗಿ ಜೋಗದವರೆಗೆ ಟ್ರೈಪಾಡ್ ಹೊರಬೇಕಿಲ್ಲ.

ಮಂಜಿಗೆ ಇನ್ನೊಂದು ಲೆಕ್ಕವಿದೆ. ದಟ್ಟ ಮೋಡದ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಿಂಡಿ ಎಫ್/11 ಇಟ್ಟರೆ ಶಟರ್ ಸುಮಾರು 1/15 ಬರುತ್ತದೆ. ಆರು ಸ್ಟಾಪಿನ ಎನ್‌ಡಿ (ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್; ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಹಾಕಿದರೆ ಅದು ನಾಲ್ಕು ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಮಂಜು ಕಣಿವೆಯಲ್ಲಿ ಸಾಕಷ್ಟು ದೂರ ಸರಿದಿರುತ್ತದೆ. ಅದರ ಅಂಚು, ಸುರುಳಿ ಎಲ್ಲ ಕಲಸಿಹೋಗಿ ಚಿತ್ರದಲ್ಲಿ ಸಪ್ಪೆ ಬೂದು ಬಣ್ಣ ಉಳಿಯುತ್ತದೆ. ಮಂಜು ಚೌಕಟ್ಟಿನೊಳಗಿದ್ದರೆ ಎನ್‌ಡಿ ತೆಗೆದು ಎಫ್/8, ಐಎಸ್‌ಒ 200ಕ್ಕೆ ಬಂದು 1/60 ಹಿಡಿಯುತ್ತೇನೆ. ನೀರಿನ ನಯ ಬೇಕೋ ಮಂಜಿನ ಆಕಾರ ಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು. ಎರಡನ್ನೂ ಬೇರೆ ಬೇರೆ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸುವವರಿದ್ದಾರೆ. ಮಂಜು ಸರಿದಂತೆ ಬಂಡೆಯ ಮೇಲಿನ ಬೆಳಕೂ ಬದಲಾಗುವುದರಿಂದ ಆ ಹೊಲಿಗೆ ಎದ್ದು ಕಾಣುತ್ತದೆ.

ಕ್ಯಾಮೆರಾದ ಬೆಳಕಿನ ಮೀಟರ್ ಬಿಳಿಯನ್ನು ಬೂದು ಮಾಡಲು ನೋಡುತ್ತದೆ, ಆದ್ದರಿಂದ ಮಂಜಿನಲ್ಲಿ 2/3ರಿಂದ 1 ಸ್ಟಾಪ್ ಹೆಚ್ಚಿಸಬೇಕು. ಮಂಜು ಬಿಟ್ಟು ಕಪ್ಪು ಬಂಡೆ ಕಂಡ ಕೂಡಲೇ ಅದೇ ಸೆಟ್ಟಿಂಗಿನಲ್ಲಿ ನೀರಿನ ಬಿಳುಪು ಸುಟ್ಟುಹೋಗಬಹುದು. ಹೀಗಾಗಿ ಮ್ಯಾನ್ಯುಯಲ್ ಮೋಡಿನಲ್ಲಿ ನೀರಿನ ಅತಿ ಬಿಳಿಯ ಭಾಗಕ್ಕೆ ಅಳೆದು, ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆಯ ನಕ್ಷೆ) ಬಲ ಅಂಚಿಗೆ ತಾಕದಂತೆ ನಿಲ್ಲಿಸುತ್ತೇನೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 5,600 ಕೆಲ್ವಿನ್‌ಗೆ ಕಟ್ಟಿಹಾಕಿ, ರಾ (ಕ್ಯಾಮೆರಾ ಸಂಸ್ಕರಿಸದ) ಫೈಲ್ ತೆಗೆಯುವುದು. ಆಟೋದಲ್ಲಿ ಬಿಟ್ಟರೆ ಒಂದು ಫ್ರೇಮ್ ನೀಲಿ, ಮುಂದಿನದು ಹಳದಿ. ಫೋಕಸ್ ಕೂಡ ಹಾಗೆಯೇ: ಎದುರು ಬಂಡೆಯ ಅಂಚು ಕಂಡ ಮೊದಲ ಸಲವೇ ಲೈವ್ ವ್ಯೂ (ಪರದೆಯ ಮೇಲಿನ ದೃಶ್ಯ) ಹಿಗ್ಗಿಸಿ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಹಾಕಿ, ರಿಂಗಿನ ಮೇಲೆ ಟೇಪ್ ಅಂಟಿಸಿಬಿಡಿ. ಆಟೋಫೋಕಸ್ ಮಂಜಿನಲ್ಲಿ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ.

ಟ್ರೈಪಾಡಿನ ನಡುಗಂಬ ಎತ್ತಬೇಡಿ. ಅಲ್ಲಿನ ಗಾಳಿಗೆ ಅದೇ ಮೊದಲು ನಡುಗುವುದು. ಬ್ಯಾಗನ್ನು ಕೊಕ್ಕೆಗೆ ನೇತುಹಾಕುವವರು ಅದರ ತಳ ನೆಲಕ್ಕೆ ತಾಗುವಂತೆ ಬಿಡಬೇಕು, ಇಲ್ಲದಿದ್ದರೆ ಬ್ಯಾಗೇ ತೂಗಾಡಿ ಚಿತ್ರ ಕೆಡಿಸುತ್ತದೆ. ಜನ ಒರಗಿ ನಿಲ್ಲುವ ಕಂಬಿಗೆ ಟ್ರೈಪಾಡಿನ ಕಾಲು ತಾಗಿಸಬಾರದು.

ಪೋಲರೈಸರ್ ಫಿಲ್ಟರ್ ಒದ್ದೆ ಬಂಡೆಯ, ಎಲೆಗಳ ಮಿರುಗನ್ನು ತೆಗೆದು ಹಸಿರನ್ನು ಗಾಢ ಮಾಡುತ್ತದೆ. ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಮಧ್ಯಾಹ್ನದ ಮೇಲೆ ಬಿಸಿಲು ಹೊರಟು ಎರಚಲಿನಲ್ಲಿ ಕಾಮನಬಿಲ್ಲು ಮೂಡಿದಾಗ ಎಚ್ಚರ ಬೇಕು: ಬಿಲ್ಲಿನ ಬೆಳಕು ಬಹುಮಟ್ಟಿಗೆ ಪೋಲರೈಸ್ ಆಗಿರುತ್ತದೆ (ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ), ಫಿಲ್ಟರನ್ನು ಒಂದು ಕಡೆ ತಿರುಗಿಸಿದರೆ ಬಣ್ಣ ಏರುತ್ತದೆ, ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಬಿಲ್ಲೇ ಮಾಯ. ಬಿಲ್ಲು ಮೂಡುವ ಜಾಗವನ್ನು ಮೊದಲೇ ಗುರುತಿಸಬಹುದು. ಸೂರ್ಯನಿಗೆ ಬೆನ್ನು ಮಾಡಿ ನಿಂತರೆ, ನಿಮ್ಮ ತಲೆಯ ನೆರಳಿನ ದಿಕ್ಕಿನಿಂದ 42 ಡಿಗ್ರಿ ಕೋನದ ದೂರದಲ್ಲಿ ಸುತ್ತಲೂ ಅದು ಮೂಡುತ್ತದೆ. ಜೋಗದಲ್ಲಿ ನಾವು ಕಣಿವೆಯನ್ನು ಮೇಲಿನಿಂದ ನೋಡುವುದರಿಂದ ಸೂರ್ಯ ಎತ್ತರದಲ್ಲಿದ್ದಾಗಲೂ ಬಿಲ್ಲು ಕೆಳಗೆ ಸಿಗುತ್ತದೆ.

ನಾಲ್ಕೂ ಧಾರೆ ಕೂಡಿದ ಅಗಲ ಚಿತ್ರ ಒಂದು ತೆಗೆದಾದ ಮೇಲೆ ನಾನು 24-70 ಎಂಎಂ ಲೆನ್ಸ್ ತೆಗೆದಿಟ್ಟು ದೂರದ್ದನ್ನು ಹತ್ತಿರ ತರುವ 70-200 ಹಾಕುತ್ತೇನೆ. ನಿಜವಾದ ಆಯ್ಕೆ ಶುರುವಾಗುವುದು ಇಲ್ಲಿ. ಮಂಜು ಪೂರ್ತಿ ಬಿಡಲಿ ಎಂದು ಕಾಯುವವರು ಕಳೆದುಕೊಳ್ಳುವುದು ಅರೆಬರೆ ಬಿಟ್ಟ ಗಳಿಗೆಗಳನ್ನು: ರಾಣಿಯ ಮೇಲಿನ ಮೂರನೆಯ ಒಂದು ಭಾಗ ಮಾತ್ರ ಕಂಡು ಕೆಳಗೆ ಏನೂ ಇಲ್ಲದಿರುವುದು, ನೀರೇ ಕಾಣದೆ ಬಂಡೆಯ ಅಂಚಿನ ಮರಗಳ ಸಾಲು ಮಾತ್ರ ಎದ್ದಿರುವುದು. ಇಂಥದ್ದಕ್ಕೆ 135 ಎಂಎಂ ಸುತ್ತಮುತ್ತ ಸರಿಹೊಂದುತ್ತದೆ. ಬಿಳಿಗೆ ಚಿತ್ರದ ಅರ್ಧಕ್ಕಿಂತ ಹೆಚ್ಚು ಜಾಗ ಬಿಟ್ಟುಕೊಡಿ, ಹೆದರಬೇಡಿ.

ಒದ್ದೆಯ ವಿಚಾರ. ಎರಚಲು ನೇರ ಮುಂದಿನ ಗಾಜಿಗೇ ಬಡಿಯುತ್ತದೆ. ಹುಡ್ ಹಾಕಿ, ಕೊಡೆಯನ್ನು ಗಾಳಿ ಬರುವ ಕಡೆಗೆ ಬಾಗಿಸಿ, ತೆಗೆಯುವ ಕ್ಷಣದವರೆಗೆ ಲೆನ್ಸಿನ ಮೇಲೆ ಶವರ್ ಕ್ಯಾಪ್ ಇರಲಿ. ಒರೆಸುವ ಬಟ್ಟೆ ಐದಾರು ಬೇಕು, ಒಮ್ಮೆ ನೆಂದದ್ದು ಆ ದಿನ ಒಣಗುವುದಿಲ್ಲ. ಎಫ್/16ರಲ್ಲಿ ಹನಿಗಳು ಇನ್ನೂ ಸ್ಪಷ್ಟವಾಗಿ ಮೂಡುತ್ತವೆ, ಎಫ್/8ರಲ್ಲಿ ಕಡಿಮೆ. ಎಸಿ ಕಾರಿನಿಂದ ಇಳಿದ ತಕ್ಷಣ ಬ್ಯಾಗ್ ತೆರೆದರೆ ತಣ್ಣಗಿನ ಗಾಜಿನ ಮೇಲೆ ಹಬೆ ಕೂರುತ್ತದೆ. ಕೊನೆಯ ಅರ್ಧ ಗಂಟೆ ಎಸಿ ಆರಿಸಿ ಕಿಟಕಿ ಇಳಿಸಿ. ರೂಮಿಗೆ ಬಂದ ಮೇಲೆ ಲೆನ್ಸ್ ಒರೆಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸಿ. ಬ್ಯಾಗನ್ನು ಮಾತ್ರ ಬಾಯಿ ತೆರೆದು ಫ್ಯಾನಿನ ಕೆಳಗೆ ಇಡಿ. ಒದ್ದೆ ಬ್ಯಾಗಿನ ಸ್ಪಂಜಿನಲ್ಲಿ ಮುಚ್ಚಿಟ್ಟ ಲೆನ್ಸಿಗೆ ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯಲು ತಡವಾಗುವುದಿಲ್ಲ.